ಮ್ಯಾಂಟಲ್ ಮೇಲೆದ್ದು ಬಂದ ಜಾಗಗಳಲ್ಲಿ

(ಗೋವಾದ ವಾಸ್ಕೊದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಭೂಮಿಯ ತೊಗಟೆಯ ಕೆಳಗಿರುವ ಮ್ಯಾಂಟಲ್ ಎಂಬ ಪದರವನ್ನು ಕೊರೆದು ನೋಡುವ ಕೆಲಸದ ಬಗ್ಗೆ ಮಾತನಾಡಲು ಬಂದಿದ್ದೇನೆ. ಮಹಾರಾಷ್ಟ್ರದ ಕೊಯ್ನಾದಿಂದ ಆರಂಭಿಸುತ್ತೇನೆ. ಇಲ್ಲಿರುವ ಹಿರಿಯರಲ್ಲಿ ಕೆಲವರಿಗಾದರೂ 1967ರ ಡಿಸೆಂಬರ್ 11ರ ಬೆಳಗಿನ ಜಾವ ನೆನಪಿರಬಹುದು. ಕೊಯ್ನಾ ಜಲಾಶಯದಲ್ಲಿ ನೀರು ನಿಲ್ಲಿಸಲು ತೊಡಗಿದ್ದು 1962ರಲ್ಲಿ. ಆರು ವರ್ಷ ಕಳೆಯುವುದರೊಳಗೆ 6.3ರ ಪ್ರಮಾಣದ ಭೂಕಂಪವಾಯಿತು. ಪಶ್ಚಿಮ ಕರಾವಳಿಯ ಉದ್ದಕ್ಕೂ ನೆಲ ನಡುಗಿತು. ಅಲ್ಲಿ ಸಣ್ಣಪುಟ್ಟ ಕಂಪನಗಳು ಇವತ್ತಿಗೂ ನಿಂತಿಲ್ಲ. ಜಲಾಶಯದ ನೀರಿಗೂ ನೆಲದ ನಡುಕಕ್ಕೂ ಇರುವ ಸಂಬಂಧವನ್ನು ಮೇಲಿನಿಂದ ನೋಡಿ ಊಹಿಸಿದರೆ ಸಾಲದು, ಕೊರೆದೇ ನೋಡಬೇಕು ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯ ನಿರ್ಧರಿಸಿತು. ಅದಕ್ಕಾಗಿ ಕರಾಡದಲ್ಲಿ ಒಂದು ಪ್ರಯೋಗಾಲಯ ಹುಟ್ಟಿತು. 2017ರಲ್ಲಿ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿ ಪೂರ್ಣಗೊಂಡಿತು. ಮೊದಲ ಒಂದೂಕಾಲು ಕಿಲೋಮೀಟರ್ ಸಹ್ಯಾದ್ರಿಯ ಕಪ್ಪು ಬಸಾಲ್ಟ್, ಅದರ ಅಡಿಯಲ್ಲಿ ನಮ್ಮ ಕರ್ನಾಟಕದ ನೆಲದಲ್ಲಿ ಕಾಣುವಂತಹ ಹಳೆಯ ಗ್ರಾನೈಟ್ ಮತ್ತು ನೈಸ್.

ಮೂರು ಕಿಲೋಮೀಟರ್ ಎಂದರೆ ದೊಡ್ಡ ಕೆಲಸ. ಕೋಲಾರದ ಚಿನ್ನದ ಗಣಿ ಮುಟ್ಟಿದ್ದೂ ಸರಿಸುಮಾರು ಅಷ್ಟೇ ಆಳ. ಆದರೆ ನಮ್ಮ ಕಾಲಡಿಯ ತೊಗಟೆ ದಪ್ಪದಲ್ಲಿ ಸುಮಾರು 35ರಿಂದ 40 ಕಿಲೋಮೀಟರ್ ಇದೆ. ಅದರ ಕೆಳಗೆ ಇರುವುದು ಮ್ಯಾಂಟಲ್. ಅಲ್ಲಿಂದ 2,890 ಕಿಲೋಮೀಟರ್ ಆಳದವರೆಗೂ ಮ್ಯಾಂಟಲೇ. ಭೂಮಿಯ ಗಾತ್ರದಲ್ಲಿ ಶೇಕಡ 84ರಷ್ಟು ಅದೇ. ನಾವು ಭೂಮಿ ಎಂದು ಕರೆಯುವ ಬೆಟ್ಟ, ನದಿ, ಹೊಲ, ಕಡಲ ತಳ, ಗಣಿಯ ಅದಿರು ಎಲ್ಲವೂ ಅದರ ಮೇಲಿನ ತೆಳುವಾದ ಪದರದ ಮಾತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಹಾಕಬೇಕು. ಪಠ್ಯಪುಸ್ತಕದ ಚಿತ್ರಗಳಲ್ಲಿ ಮ್ಯಾಂಟಲಿಗೆ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಅದನ್ನು ನೋಡಿದ ಮಕ್ಕಳು ಒಳಗೆಲ್ಲ ಕುದಿಯುವ ಶಿಲಾರಸ ತುಂಬಿದೆ ಎಂದು ತಿಳಿಯುತ್ತಾರೆ, ದೊಡ್ಡವರಾದ ಮೇಲೂ ಹಾಗೆಯೇ ನಂಬಿರುತ್ತಾರೆ. ಮ್ಯಾಂಟಲ್ ಗಟ್ಟಿ ಕಲ್ಲು. ಬಿಸಿ ಇದೆ, ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ನಿಧಾನವಾಗಿ ಹರಿಯುತ್ತದೆ, ಆದರೂ ಕಲ್ಲೇ. ಅದು ಮೇಲಕ್ಕೆ ಏರಿ ಒತ್ತಡ ಕಡಿಮೆಯಾದಾಗ ಸ್ವಲ್ಪ ಭಾಗ ಮಾತ್ರ ಕರಗುತ್ತದೆ. ಹಾಗೆ ಕರಗಿ ಮೇಲೆ ಬಂದದ್ದು ಆರಿ ಬಸಾಲ್ಟ್ ಆಗುತ್ತದೆ. ಕರಗದೆ ಉಳಿದದ್ದು ಪೆರಿಡೊಟೈಟ್. ಹಸಿರು ಛಾಯೆಯ ಓಲಿವಿನ್ ಎಂಬ ಖನಿಜ ಹೆಚ್ಚು, ಪೈರಾಕ್ಸೀನ್ ಎಂಬ ಖನಿಜ ಸ್ವಲ್ಪ, ನೀರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾಂದ್ರವಾದ ಭಾರದ ಕಲ್ಲು.

ತೊಗಟೆ ಮುಗಿದು ಮ್ಯಾಂಟಲ್ ಆರಂಭವಾಗುವ ಗಡಿಯನ್ನು ಗುರುತಿಸಿದವರು ಕ್ರೊಯೇಶಿಯಾದ ಆಂಡ್ರಿಯ ಮೊಹೊರೊವಿಚಿಚ್. 1909ರಲ್ಲಿ ಕುಪಾ ಕಣಿವೆಯಲ್ಲಿ ಆದ ಭೂಕಂಪದ ಅಲೆಗಳನ್ನು ಲೆಕ್ಕ ಹಾಕುವಾಗ, ಒಂದು ಆಳದಿಂದ ಕೆಳಗೆ ಅಲೆಗಳು ಇದ್ದಕ್ಕಿದ್ದಂತೆ ವೇಗ ಪಡೆದು ಸೆಕೆಂಡಿಗೆ 8 ಕಿಲೋಮೀಟರಿನ ಆಸುಪಾಸಿಗೆ ಏರುವುದನ್ನು ಅವರು ಕಂಡರು. ಆ ಗಡಿಗೆ ಅವರ ಹೆಸರೇ ಬಂತು, ಬಳಕೆಯಲ್ಲಿ ಅದು ಮೊಹೊ ಎಂದಾಯಿತು. ಈ ಗಡಿಯನ್ನು ನೆನಪಿಡಿ, ಮುಂದೆ ಇದರ ಬಗ್ಗೆಯೇ ಒಂದು ಜಗಳವಿದೆ.

ನೆಲದ ಮೇಲಿನಿಂದ ಅಲ್ಲಿಗೆ ಕೊರೆದುಕೊಂಡು ಹೋಗಲು ಆಗುತ್ತದೆಯೇ? ಸೋವಿಯತ್ ಒಕ್ಕೂಟ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯಲು ಆರಂಭಿಸಿ 1989ರಲ್ಲಿ 12,262 ಮೀಟರ್ ಮುಟ್ಟಿತು. ತಳದಲ್ಲಿ ಉಷ್ಣತೆ 180 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲಿ ಮುಂದೆ ಹೋಗಲಾಗಲಿಲ್ಲ. ಮನುಷ್ಯ ಕೊರೆದ ಅತಿ ಆಳದ ಆ ಬಾವಿ ಖಂಡದ ತೊಗಟೆಯ ಮೂರನೆಯ ಒಂದು ಭಾಗವನ್ನಷ್ಟೇ ದಾಟಿದೆ.

ಕಡಲಿನ ತಳದಲ್ಲಿ ಮಾತ್ರ ತೊಗಟೆ ತೆಳು. ಆರೇಳು ಕಿಲೋಮೀಟರ್, ಅಷ್ಟೇ. ಹ್ಯಾರಿ ಹೆಸ್, ವಾಲ್ಟರ್ ಮಂಕ್ ಮೊದಲಾದ ಅಮೆರಿಕದ ವಿಜ್ಞಾನಿಗಳು ಇದನ್ನು ಹಿಡಿದು ಮೋಹೋಲ್ ಎಂಬ ಯೋಜನೆ ಮಾಡಿದರು. 1961ರಲ್ಲಿ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದ ಬಳಿ, ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳದ ನೀರಿನಲ್ಲಿ, ಕಸ್ 1 ಎಂಬ ಹಡಗಿನಿಂದ ಕೊರೆದರು. ಅಷ್ಟು ಆಳದಲ್ಲಿ ಲಂಗರು ಹಾಕಲಾಗದು. ಅದಕ್ಕೆ ಹಡಗಿನ ನಾಲ್ಕು ಕಡೆ ಮೋಟಾರು ಕಟ್ಟಿ, ಅಲೆ ಗಾಳಿಗೆ ತಕ್ಕಂತೆ ತಳ್ಳಿ ತಳ್ಳಿ ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸಿದರು. ಇವತ್ತು ಆಳ ಕಡಲಿನಲ್ಲಿ ತೈಲ ತೆಗೆಯುವ ಹಲವು ಹಡಗುಗಳು ಬಳಸುವ ಆ ವಿದ್ಯೆ ರೂಪುಗೊಳ್ಳುವಲ್ಲಿ ಮೋಹೋಲಿನ ಪಾಲು ದೊಡ್ಡದು. ಕೊರೆದದ್ದು ಕಡಲ ತಳದಿಂದ 183 ಮೀಟರ್. ಅದರಲ್ಲಿ ಕೊನೆಯ 13 ಮೀಟರ್ ಮಾತ್ರ ಬಸಾಲ್ಟ್, ಉಳಿದದ್ದು ಕೆಸರು. ಖರ್ಚಿನ ಅಂದಾಜು ಏರುತ್ತಾ ಹೋಯಿತು, 1966ರಲ್ಲಿ ಅಮೆರಿಕದ ಸಂಸತ್ತು ಹಣ ನಿಲ್ಲಿಸಿತು. ಮ್ಯಾಂಟಲಿಗೆ ನೇರವಾಗಿ ಬಾವಿ ತೋಡುವ ಕೆಲಸ ಇವತ್ತಿಗೂ ಆಗಿಲ್ಲ.

ಆದರೆ ಮ್ಯಾಂಟಲನ್ನು ಕೊರೆದಿದ್ದಾರೆ, ಕಿಲೋಮೀಟರುಗಟ್ಟಲೆ ಕೊರೆದಿದ್ದಾರೆ. ಅದು ಹೇಗೆ ಎಂಬುದೇ ಇವತ್ತಿನ ವಿಷಯ. ಕೆಲವು ಕಡೆ ಮ್ಯಾಂಟಲ್ ತಾನೇ ಮೇಲೆದ್ದು ಬಂದು ಕಡಲ ತಳದಲ್ಲಿ ಅಥವಾ ಬೆಟ್ಟವಾಗಿ ನೆಲದ ಮೇಲೆ ಬಿದ್ದುಕೊಂಡಿದೆ.

ಕಡಲ ತಳದ ಕಥೆ ಹೀಗಿದೆ. ಸಾಗರಗಳ ನಡುವೆ ಉದ್ದುದ್ದ ಏಣುಗಳಿವೆ. ಅಲ್ಲಿ ಭೂಮಿಯ ಹೊರ ಕವಚದ ಫಲಕಗಳು ಎರಡು ಕಡೆಗೆ ಸರಿಯುತ್ತವೆ, ನಡುವೆ ಶಿಲಾರಸ ಮೇಲೆ ಬಂದು ಹೊಸ ತೊಗಟೆಯಾಗುತ್ತದೆ. ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಫಲಕಗಳು ಬೇಗ ಸರಿಯುತ್ತವೆ, ಶಿಲಾರಸವೂ ಧಾರಾಳ. ಅಟ್ಲಾಂಟಿಕ್‌ನಲ್ಲಿ ವೇಗ ವರ್ಷಕ್ಕೆ ಎರಡು ಎರಡೂವರೆ ಸೆಂಟಿಮೀಟರ್, ಶಿಲಾರಸ ಸಾಲದು. ಆಗ ಬಿರುಕನ್ನು ತುಂಬಲು ಶಿಲಾರಸವಿಲ್ಲದೆ, ಒಂದು ದೊಡ್ಡ ಇಳಿಜಾರಿನ ಸ್ತರಭಂಗದ, ಎಂದರೆ ಕಲ್ಲು ಸೀಳಿ ಜಾರುವ ಬಿರುಕಿನ, ಉದ್ದಕ್ಕೂ ಮೇಲಿನ ತೊಗಟೆ ಜಾರಿ ಪಕ್ಕಕ್ಕೆ ಹೋಗುತ್ತದೆ, ಅಡಿಯಲ್ಲಿದ್ದ ಕಲ್ಲು ಗುಮ್ಮಟದಂತೆ ಎದ್ದು ಹೊರಗೆ ಬರುತ್ತದೆ. ಉತ್ತರ ಅಕ್ಷಾಂಶ 30 ಡಿಗ್ರಿಯ ಬಳಿ ಮಧ್ಯ ಅಟ್ಲಾಂಟಿಕ್ ಏಣಿನ ಪಕ್ಕದಲ್ಲಿರುವ ಅಟ್ಲಾಂಟಿಸ್ ಮಾಸಿಫ್ ಎಂಬ ಬೆಟ್ಟ ಹೀಗೆ ಎದ್ದದ್ದು. ನೈರುತ್ಯ ಹಿಂದೂ ಮಹಾಸಾಗರದ ಏಣಿನಲ್ಲಿ, ಮಡಗಾಸ್ಕರಿನ ಆಗ್ನೇಯಕ್ಕೆ, ಅಟ್ಲಾಂಟಿಸ್ ಬ್ಯಾಂಕ್ ಎಂಬುದೂ ಅಂತಹದೇ. ಅದು ಒಂದು ಕಾಲಕ್ಕೆ ನೀರಿನ ಮೇಲೆ ದ್ವೀಪವಾಗಿತ್ತು, ಅಲೆಗಳು ಅದರ ತಲೆಯನ್ನು ಸವೆಸಿ ಸಮತಟ್ಟು ಮಾಡಿದವು.

ನೆಲದ ಮೇಲಿನ ಕಥೆ ಬೇರೆ. ಎರಡು ಫಲಕಗಳು ಡಿಕ್ಕಿ ಹೊಡೆದಾಗ ಸಾಮಾನ್ಯವಾಗಿ ಸಾಗರದ ತಳ ಕೆಳಗೆ ಹೋಗುತ್ತದೆ. ಅಪರೂಪಕ್ಕೆ ಅದರ ಒಂದು ಹೋಳು ಖಂಡದ ಮೇಲೆ ಹತ್ತಿ ಕುಳಿತುಬಿಡುತ್ತದೆ. ಜಗತ್ತಿನಲ್ಲಿ ಇದರ ಅತಿ ದೊಡ್ಡ, ಅತಿ ಚೆನ್ನಾಗಿ ಉಳಿದ ಉದಾಹರಣೆ ನಮ್ಮ ಅರಬ್ಬೀ ಸಮುದ್ರದ ಆಚೆ ದಡದಲ್ಲಿದೆ, ಓಮನ್‌ನಲ್ಲಿ. ಮಸ್ಕತ್ತಿನಲ್ಲಿ ದುಡಿಯುವ ಅಣ್ಣ ತಮ್ಮಂದಿರು ಈ ಸಭೆಯಲ್ಲಿ ಹಲವರಿಗೆ ಇದ್ದಾರೆ. ಗೋವಾವನ್ನು ಹಿಡಿಯುವ ಮೂರು ವರ್ಷ ಮೊದಲೇ, 1507ರಲ್ಲಿ, ಪೋರ್ಚುಗೀಸರು ಮಸ್ಕತ್ತನ್ನು ಹಿಡಿದಿದ್ದರು. ಅವರಿಗೆ ಕಂಡದ್ದು ಬಂದರು. ಬಂದರಿನ ಹಿಂದೆ ಕಪ್ಪು, ಕಂದು, ಗಿಡಮರವಿಲ್ಲದೆ ನಿಂತ ಬೆಟ್ಟಗಳನ್ನು ನೋಡಿದ ನಿಮ್ಮ ಬಂಧುಗಳಿಗೆ ಹೇಳಿ: ಅವುಗಳಲ್ಲಿ ಬಹಳಷ್ಟು ಮ್ಯಾಂಟಲ್. ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಾಗರದ ತಳವಾಗಿದ್ದ ಕಲ್ಲು. ಐನೂರು ಕಿಲೋಮೀಟರ್ ಉದ್ದಕ್ಕೂ ಅದು ಹರಡಿದೆ. ಪ್ರಾಚೀನ ಮೆಸೊಪೊಟೇಮಿಯಾದ ದಾಖಲೆಗಳಲ್ಲಿ ಬರುವ ಮಗನ್ ದೇಶದ ತಾಮ್ರ ಇದೇ ಶಿಲಾಸಮೂಹದಿಂದ ಬಂದದ್ದು.

ನಮ್ಮ ದೇಶದಲ್ಲಿ ಇಲ್ಲವೇ ಎಂದು ನೀವು ಕೇಳುತ್ತೀರಿ. ಅಂಡಮಾನಿನಲ್ಲಿದೆ, ನಾಗಾಲ್ಯಾಂಡ್ ಮತ್ತು ಮಣಿಪುರದ ಗಡಿ ಬೆಟ್ಟಗಳಲ್ಲಿದೆ, ಲಡಾಖಿನಲ್ಲಿದೆ. ಇಲ್ಲೇ ಗೋವಾದ ಬೋಂಡ್ಲಾದಲ್ಲಿ, ಅಭಯಾರಣ್ಯದ ಸುತ್ತ, ಪೆರಿಡೊಟೈಟ್, ಗ್ಯಾಬ್ರೊ (ಶಿಲಾರಸ ಆಳದಲ್ಲೇ ನಿಧಾನವಾಗಿ ಆರಿ ಆದ ಕಲ್ಲು), ಕ್ರೋಮಿಯಂ ಅದಿರಾದ ಕ್ರೋಮೈಟ್ ಸಿಗುತ್ತವೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬೈರಾಪುರದ ಕ್ರೋಮೈಟ್ ಗಣಿಗಳ ಸುತ್ತಲೂ ಇಂತಹ ಕಲ್ಲೇ. ಆದರೆ ಇಲ್ಲಿ ಎಚ್ಚರ ಬೇಕು. ಬೋಂಡ್ಲಾ, ಬೈರಾಪುರದ ಕಲ್ಲುಗಳು ಮ್ಯಾಂಟಲಿನಿಂದ ಕರಗಿ ಬಂದ ಶಿಲಾರಸ ಪದರ ಪದರವಾಗಿ ಹರಳುಗಟ್ಟಿ ಆದವು. ಅವು ಮ್ಯಾಂಟಲಿನ ಸಂತಾನ. ಓಮನ್‌ನದ್ದು ಸಾಕ್ಷಾತ್ ಮ್ಯಾಂಟಲ್.

ಸರಿ, ಬೆಟ್ಟವಾಗಿ ಎದುರಿಗೇ ನಿಂತಿರುವ ಕಲ್ಲನ್ನು ಕೊರೆಯುವುದೇಕೆ? ಸುತ್ತಿಗೆ ತೆಗೆದುಕೊಂಡು ಹೋಗಿ ಒಡೆದು ತಂದರಾಯಿತಲ್ಲ? ತರಗತಿಯಲ್ಲಿ ಬುದ್ಧಿವಂತ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ಹಾಗೆ ತಂದಿದ್ದಾರೆ. ಕಡಲ ತಳವನ್ನು ಹಡಗಿನಿಂದ ಕಬ್ಬಿಣದ ಬುಟ್ಟಿ ಎಳೆದು ಗೀರಿ, ಮ್ಯಾಂಟಲಿನ ತುಣುಕುಗಳನ್ನು ದಶಕಗಳಿಂದ ಸಂಗ್ರಹಿಸಿದ್ದಾರೆ. ಆದರೆ ತುಣುಕು ತಾನು ಏನು ಎಂದು ಹೇಳುತ್ತದೆಯೇ ಹೊರತು ಯಾವುದರ ಮೇಲಿತ್ತು, ಯಾವುದರ ಕೆಳಗಿತ್ತು ಎಂದು ಹೇಳುವುದಿಲ್ಲ. ದಾರ ಕಡಿದು ಚೆಲ್ಲಾಪಿಲ್ಲಿಯಾದ ತಾಳೆಗರಿಯ ಕಟ್ಟನ್ನು ನೆನೆದುಕೊಳ್ಳಿ. ಒಂದೊಂದು ಗರಿಯನ್ನೂ ಓದಬಹುದು, ಕಾವ್ಯ ಮಾತ್ರ ಸಿಗುವುದಿಲ್ಲ. ಕೊರೆದು ತೆಗೆದ ಕಲ್ಲಿನ ದಂಡ, ನಾವು ಕೋರ್ ಎನ್ನುತ್ತೇವೆ, ಗರಿಗಳನ್ನು ಅವುಗಳ ಕ್ರಮದಲ್ಲೇ ಕೊಡುತ್ತದೆ. ಕರಗಿದ ಶಿಲಾರಸ ಮ್ಯಾಂಟಲಿನೊಳಗೆ ಯಾವ ದಾರಿಯಲ್ಲಿ ಏರಿತು, ನೀರು ಎಲ್ಲಿಯವರೆಗೆ ಇಳಿಯಿತು, ಯಾವ ಬಿರುಕು ಮೊದಲು, ಯಾವುದು ಆಮೇಲೆ, ಇವೆಲ್ಲ ಕ್ರಮದ ಪ್ರಶ್ನೆಗಳು. ಜೊತೆಗೆ ಮೇಲ್ಮೈಯ ಕಲ್ಲು ಬಿಸಿಲು ಮಳೆಗೆ, ಕಡಲ ನೀರಿಗೆ ಕೆಟ್ಟಿರುತ್ತದೆ. ಈ ಕೆಲಸದ ಜೀವಾಳ ನನಗೆ ಕಂಡಂತೆ ಆಳವಲ್ಲ, ಕ್ರಮ. ಪತ್ರಿಕೆಗಳು ಯಾವಾಗಲೂ ಎಷ್ಟು ಆಳ ಎಂಬ ದಾಖಲೆಯನ್ನೇ ಬರೆಯುತ್ತವೆ. ಕೊರೆದದ್ದರಲ್ಲಿ ಎಷ್ಟು ಕಲ್ಲು ಕ್ರಮವಾಗಿ ಕೈಗೆ ಬಂತು ಎಂಬುದು ಅದಕ್ಕಿಂತ ದೊಡ್ಡ ಅಂಕಿ.

ಆ ಅಂಕಿಗಾಗಿಯೇ ಪಟ್ಟ ಪಾಡು ಸಣ್ಣದಲ್ಲ. ಪೆರಿಡೊಟೈಟ್ ಬಿರುಕು ಬಿಟ್ಟ ಕಲ್ಲು. ಕೊರೆಯುವಾಗ ಬಾವಿಯ ಗೋಡೆ ಕುಸಿಯುತ್ತದೆ, ಪೈಪು ಸಿಕ್ಕಿಕೊಳ್ಳುತ್ತದೆ, ಮೇಲೆ ಬರುವ ಕೊಳವೆಯಲ್ಲಿ ಅರ್ಧಕ್ಕರ್ಧ ಖಾಲಿ. ಹಡಗಿನಿಂದ ಕಿಲೋಮೀಟರು ಉದ್ದದ ಪೈಪನ್ನು ನೀರಿಗಿಳಿಸಿ, ಅದರ ತುದಿಯ ಹಲ್ಲು ಸವೆದಾಗ ಇಡೀ ಪೈಪನ್ನು ಮೇಲಕ್ಕೆಳೆದು, ಹೊಸ ಹಲ್ಲು ಕೂರಿಸಿ, ಅದೇ ಬಾವಿಯ ಬಾಯಿಯನ್ನು ಮತ್ತೆ ಹುಡುಕಿ ಒಳಗಿಳಿಸಬೇಕು. ಬಾಯಿಗೆ ದೊಡ್ಡ ಆಲಿಕೆ ಕೂರಿಸಿರುತ್ತಾರೆ, ಕ್ಯಾಮೆರಾ ಇಳಿಸಿ ನೋಡುತ್ತಾ ಹಡಗನ್ನು ಗೇಣುದ್ದ ಸರಿಸಿ ಸರಿಸಿ ಗುರಿ ಹಿಡಿಯುತ್ತಾರೆ. ಮೇಲೆ ಅಲೆ, ಕೆಳಗೆ ಕತ್ತಲು. ಈ ಕಾರಣಗಳಿಂದ 2023ರವರೆಗೆ ಸಾಗರ ತಳದ ಮ್ಯಾಂಟಲ್ ಕಲ್ಲಿನಲ್ಲಿ ಕೊರೆದ ಅತಿ ಆಳದ ಬಾವಿ 200 ಮೀಟರಿನ ಸುಮಾರಿನದು.

2023ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಾಯ್ಡಸ್ ರೆಸಲ್ಯೂಷನ್ ಎಂಬ ಹಡಗು ಅಟ್ಲಾಂಟಿಸ್ ಮಾಸಿಫ್ ಮೇಲೆ ನಿಂತಿತು. ಅಂತರರಾಷ್ಟ್ರೀಯ ಸಾಗರ ಕೊರೆತ ಕಾರ್ಯಕ್ರಮದ 399ನೆಯ ಯಾತ್ರೆ. ಅಲ್ಲಿ ಮಾಡಲು ಹೊರಟದ್ದು 200 ಮೀಟರಿನ ಬಾವಿ. ಹಲ್ಲು ಇಳಿಯುತ್ತಲೇ ಹೋಯಿತು, ಕಲ್ಲು ಬರುತ್ತಲೇ ಹೋಯಿತು. ನಿಲ್ಲಿಸಿದಾಗ ಆಳ 1,268 ಮೀಟರ್. ಅದರಲ್ಲಿ ಶೇಕಡ 71ರಷ್ಟು ಕಲ್ಲು ಕೈಗೆ ಬಂದಿತ್ತು. ಆ ಬಾವಿಯ ಹೆಸರು ಯು1601ಸಿ. ಯೋಹಾನ್ ಲಿಸೆನ್‌ಬರ್ಗ್ ಮತ್ತು ಸಂಗಡಿಗರು 2024ರ ಆಗಸ್ಟ್‌ನಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು.

ಏನು ಕಂಡಿತು? ಎರಡು ಸಂಗತಿಗಳನ್ನು ಹೇಳುತ್ತೇನೆ. ಪೈರಾಕ್ಸೀನ್ ಎಂಬ ಖನಿಜ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಇತ್ತು, ಮೆಗ್ನೀಸಿಯಂ ಹೆಚ್ಚು ಇತ್ತು. ಮ್ಯಾಂಟಲ್ ಕರಗುವಾಗ ಪೈರಾಕ್ಸೀನ್ ಮೊದಲು ಹೋಗುತ್ತದೆ. ಹಾಗಾಗಿ ಈ ಕಲ್ಲು ಎಣಿಸಿದ್ದಕ್ಕಿಂತ ಹೆಚ್ಚು ಕರಗಿ ಹೆಚ್ಚು ಕಳೆದುಕೊಂಡದ್ದು. ಎರಡನೆಯದು ಇನ್ನೂ ಸ್ವಾರಸ್ಯದ್ದು. ಶಿಲಾರಸ ಏರಿದ ಕಾಲುವೆಗಳ ಗುರುತು ಆ ಕೋರ್‌ನಲ್ಲಿ ಸಾಲಾಗಿ ಉಳಿದಿದೆ. ಅವು ಮ್ಯಾಂಟಲ್ ತಾನು ಹರಿದ ದಿಕ್ಕಿಗೆ ಓರೆಯಾಗಿವೆ. ಜಗತ್ತಿನ ಜ್ವಾಲಾಮುಖಿಗಳಲ್ಲಿ ಬಹುಪಾಲು ಕಡಲ ತಳದಲ್ಲಿವೆ, ಅವುಗಳಿಗೆ ಶಿಲಾರಸ ಪೂರೈಕೆಯಾಗುವ ದಾರಿಯನ್ನು ಕಲ್ಲಿನಲ್ಲೇ, ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ, ನೋಡಿದ್ದು ಇದೇ ಮೊದಲು. ಬಿಡಿ ತುಣುಕುಗಳ ರಾಶಿಯಿಂದ ಇದು ಎಂದಿಗೂ ಸಿಗುತ್ತಿರಲಿಲ್ಲ.

ಈಗ ಮೊಹೊ ಜಗಳಕ್ಕೆ ಬರುತ್ತೇನೆ. ಭೂಕಂಪದ ಅಲೆ ವೇಗ ಪಡೆಯುವ ಗಡಿಯೇ ತೊಗಟೆ ಮತ್ತು ಮ್ಯಾಂಟಲಿನ ನಡುವಿನ ಗಡಿ ಎಂದು ನಾವೆಲ್ಲ ಪಾಠ ಮಾಡುತ್ತೇವೆ. ಮೋಹೋಲಿನ ಕನಸು ಕಂಡ ಹ್ಯಾರಿ ಹೆಸ್ ಅವರೇ 1962ರಲ್ಲಿ ಬೇರೆ ಮಾತು ಬರೆದರು. ಮ್ಯಾಂಟಲಿನ ಕಲ್ಲಿಗೆ ನೀರು ಸೇರಿದರೆ ಅದು ಸರ್ಪೆಂಟಿನೈಟ್ ಆಗುತ್ತದೆ, ಸಾಂದ್ರತೆ ಇಳಿಯುತ್ತದೆ, ಅಲೆಯ ವೇಗವೂ ಇಳಿಯುತ್ತದೆ. ಅಲೆಗಳ ಲೆಕ್ಕದಲ್ಲಿ ಅದು ತೊಗಟೆಯಾಗಿಯೇ ಕಾಣುತ್ತದೆ. ಹಾಗಾದರೆ ಮೊಹೊ ಎಂಬುದು ನೀರು ಇಳಿದು ನಿಂತ ಮಟ್ಟವೇ ಇರಬಹುದಲ್ಲ ಎಂದು ಅವರು ಕೇಳಿದರು. ವೇಗವಾಗಿ ಬಿಚ್ಚಿಕೊಳ್ಳುವ ಸಾಗರಗಳಿಗೆ ಈ ವಾದ ಒಗ್ಗುವುದಿಲ್ಲ. ನಿಧಾನದ ಏಣುಗಳ ಬಳಿ ಅದನ್ನು ತಳ್ಳಿಹಾಕಲು ಇನ್ನೂ ಯಾರಿಗೂ ಆಗಿಲ್ಲ. ಅಟ್ಲಾಂಟಿಸ್ ಬ್ಯಾಂಕ್‌ನಲ್ಲಿ 1987ರಲ್ಲಿ ಆರಂಭವಾದ 735ಬಿ ಎಂಬ ಬಾವಿ 1997ರ ಹೊತ್ತಿಗೆ 1,508 ಮೀಟರ್ ಮುಟ್ಟಿತು, ಸಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಗ್ಯಾಬ್ರೊ, ಎಂದರೆ ತೊಗಟೆಯ ಕಲ್ಲೇ. 2015ರ ಕೊನೆಗೆ ಅದೇ ಬ್ಯಾಂಕ್ ಮೇಲೆ ಇನ್ನೊಂದು ಬಾವಿ ಆರಂಭವಾಯಿತು. ಮೊಹೊವನ್ನು ದಾಟಿ, ಅದು ಕಲ್ಲಿನ ಗಡಿಯೋ ನೀರಿನ ಗಡಿಯೋ ಎಂದು ತೀರ್ಮಾನಿಸುವುದು ಅದರ ದೂರದ ಗುರಿ. ಸದ್ಯ ಸುಮಾರು 800 ಮೀಟರಿನಲ್ಲಿ ನಿಂತಿದೆ. ನಮ್ಮದೇ ಮಹಾಸಾಗರದಲ್ಲಿ, ಅರ್ಧಕ್ಕೆ ನಿಂತ ಕೆಲಸ.

ಓಮನ್‌ನಲ್ಲಿ ಈ ಗಡಿಯನ್ನು ಕೊರೆದು ನೋಡಿದ್ದಾರೆ. ಪೀಟರ್ ಕೆಲೆಮನ್ ಮತ್ತಿತರರ ಮುಂದಾಳ್ತನದಲ್ಲಿ 2016ರಿಂದ 2018ರವರೆಗೆ ನಡೆದ ಓಮನ್ ಕೊರೆತ ಯೋಜನೆ ಅದು. ವಾದಿಗಳಲ್ಲಿ, ಎಂದರೆ ಒಣ ಹೊಳೆಗಳ ಪಾತ್ರದಲ್ಲಿ, ಹಲವು ಬಾವಿ ಕೊರೆದು ಮೂರು ಕಿಲೋಮೀಟರಿಗೂ ಹೆಚ್ಚು ಕೋರ್ ತೆಗೆದರು. ಗಡಿಯ ಬಳಿಯ ಒಂದು ಬಾವಿಯಲ್ಲಿ ಮೇಲೆ ಪದರ ಪದರದ ಗ್ಯಾಬ್ರೊ, ಅದರಡಿ ಬರೀ ಓಲಿವಿನ್ ತುಂಬಿದ ಡ್ಯೂನೈಟ್, ಅದರಡಿ ಮ್ಯಾಂಟಲಿನ ಹಾರ್ಜ್‌ಬರ್ಗೈಟ್ ಎಂಬ ಬಗೆಯ ಪೆರಿಡೊಟೈಟ್. ಗಡಿ ಎಂದು ನಾವು ಪುಸ್ತಕದಲ್ಲಿ ಎಳೆಯುವ ಗೆರೆ ಅಲ್ಲಿ ನೂರಕ್ಕೂ ಹೆಚ್ಚು ಮೀಟರ್ ದಪ್ಪದ ಒಂದು ವಲಯ. ಈ ಕೋರ್‌ಗಳನ್ನೆಲ್ಲ ಹಡಗಿನಲ್ಲಿ ಜಪಾನಿಗೆ ಸಾಗಿಸಿ, ಶಿಮಿಜು ಬಂದರಿನಲ್ಲಿ ನಿಂತಿದ್ದ ಚಿಕ್ಯು ಎಂಬ ಕೊರೆಯುವ ಹಡಗಿನ ಪ್ರಯೋಗಾಲಯದಲ್ಲಿ ಅಧ್ಯಯನ ಮಾಡಿದರು. ಮರುಭೂಮಿಯ ಕಲ್ಲನ್ನು ಹಡಗಿಗೆ ಹತ್ತಿಸಿದ್ದು ಏಕೆಂದರೆ, ಆಸ್ಪತ್ರೆಗಳಲ್ಲಿ ಇರುವಂತಹ ಸಿಟಿ ಸ್ಕ್ಯಾನ್ ಯಂತ್ರದಿಂದ ಹಿಡಿದು ಎಲ್ಲ ಉಪಕರಣಗಳೂ ಒಂದೇ ಸೂರಿನಡಿ ಅಲ್ಲಿದ್ದವು. ಸಾಗರದ ಕೋರ್ ಮತ್ತು ನೆಲದ ಕೋರ್ ಎರಡನ್ನೂ ಒಂದೇ ವಿಧಾನದಲ್ಲಿ ಅಳೆದರೆ ಮಾತ್ರ ಹೋಲಿಸಬಹುದು.

ನೀರು ಸೇರಿದ ಮ್ಯಾಂಟಲಿನ ಬಗ್ಗೆ ಇನ್ನೂ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ನನಗೆ ಈ ವಿಷಯದಲ್ಲಿ ಅತ್ಯಂತ ಪ್ರೀತಿಯ ಭಾಗ ಇದೇ. ಓಲಿವಿನ್ ಆಳದಲ್ಲಿ ಹುಟ್ಟಿದ್ದು. ಮೇಲೆ ಬಂದು ನೀರು ತಾಗಿದರೆ ಅದು ಉಳಿಯದು. ನೀರನ್ನು ಹೀರಿ ಸರ್ಪೆಂಟೈನ್ ಆಗುತ್ತದೆ, ಉಬ್ಬುತ್ತದೆ, ಬಿರುಕು ಬಿಡುತ್ತದೆ. ಓಲಿವಿನ್‌ನಲ್ಲಿದ್ದ ಕಬ್ಬಿಣ ನೀರಿನ ಆಮ್ಲಜನಕವನ್ನು ಕಸಿದುಕೊಂಡು ಮ್ಯಾಗ್ನಟೈಟ್ ಆಗುತ್ತದೆ. ಉಳಿದ ಜಲಜನಕ ಅನಿಲವಾಗಿ ಹೊರಬರುತ್ತದೆ. ಯಾವ ಜೀವಿಯ ನೆರವೂ ಇಲ್ಲದೆ, ಸೂರ್ಯನ ಬೆಳಕೂ ಇಲ್ಲದೆ, ಕಲ್ಲು ಮತ್ತು ನೀರು ಸೇರಿ ಇಂಧನ ತಯಾರಿಸುತ್ತವೆ.

2000ದ ಡಿಸೆಂಬರ್‌ನಲ್ಲಿ ಅಟ್ಲಾಂಟಿಸ್ ಮಾಸಿಫ್‌ನ ನೆತ್ತಿಯ ಬಳಿ ಸುಣ್ಣದ ಬಿಳಿ ಗೋಪುರಗಳು ಕಂಡವು. ಒಂದೊಂದು 60 ಮೀಟರ್ ಎತ್ತರದವರೆಗೆ. ಲಾಸ್ಟ್ ಸಿಟಿ ಎಂದು ಹೆಸರಿಟ್ಟರು. ಅಲ್ಲಿ ಚಿಮ್ಮುವ ನೀರು 40ರಿಂದ 90 ಡಿಗ್ರಿ ಬಿಸಿ, ತೀವ್ರ ಕ್ಷಾರ, ಜಲಜನಕ ಮತ್ತು ಮೀಥೇನ್ ತುಂಬಿದ್ದು. ಕೆಳಗಿನ ಪೆರಿಡೊಟೈಟ್ ನೀರಿನೊಡನೆ ವರ್ತಿಸುತ್ತಿರುವುದರ ಫಲ. ಕನಿಷ್ಠ 30,000 ವರ್ಷಗಳಿಂದ ಅದು ಹೀಗೆಯೇ ನಡೆದಿದೆ. ಭೂಮಿಯ ಮೇಲೆ ಜೀವ ಹುಟ್ಟಿದ್ದು ಇಂತಹ ಜಾಗದಲ್ಲಿರಬಹುದೇ ಎಂದು ಕೇಳುವವರು ಅಲ್ಲಿಗೆ ಮತ್ತೆ ಮತ್ತೆ ಹೋಗುವುದು ಅದಕ್ಕಾಗಿ. ಯು1601ಸಿ ಬಾವಿಯನ್ನು ಲಾಸ್ಟ್ ಸಿಟಿಯ ಹತ್ತಿರವೇ ಕೊರೆದದ್ದೂ ಅದಕ್ಕಾಗಿ.

ಇದೇ ಬೆಟ್ಟದ ಇನ್ನೊಂದು ಬಾವಿಯನ್ನು 2004 ಮತ್ತು 2005ರಲ್ಲಿ ಕೊರೆದಿದ್ದರು. ಆ ಕಲ್ಲು ಭಂಡಾರದಲ್ಲಿ ವರ್ಷಗಟ್ಟಲೆ ಕಾದಿತ್ತು. 2018ರಲ್ಲಿ ಬೆನೆಡಿಕ್ಟ್ ಮೆನೆಜ್ ಅವರ ತಂಡ ಅದರ ಒಂದು ತುಣುಕಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಕಂಡು, ಅದು ಜೀವಿಗಳಿಂದಲ್ಲ, ಕಲ್ಲು ಮತ್ತು ನೀರಿನ ವರ್ತನೆಯಿಂದಲೇ ಆದದ್ದು ಎಂದು ವಾದಿಸಿತು. ಕೊರೆದಾಗ ಯಾರೂ ಕೇಳಿರದ ಪ್ರಶ್ನೆಗೆ ಹದಿಮೂರು ವರ್ಷದ ನಂತರ ಆ ಕಲ್ಲಿನಲ್ಲಿ ಉತ್ತರ ಹುಡುಕಲು ಸಾಧ್ಯವಾಯಿತು.

ಇಲ್ಲಿ ನಮ್ಮ ಬೇಲೂರು, ಹಳೇಬೀಡುಗಳನ್ನು ನೆನೆಯದಿರುವುದು ಹೇಗೆ? ಹೊಯ್ಸಳರ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲು ಮೆಗ್ನೀಸಿಯಂ ಹೇರಳವಾಗಿರುವ ಹಳೆಯ ಕಪ್ಪು ಶಿಲೆಗಳು ನೀರಿನ ಸಂಗದಲ್ಲಿ, ಶಾಖ ಒತ್ತಡಗಳಲ್ಲಿ ಮಾರ್ಪಟ್ಟು ಆಗುವ ಜಾತಿಯ ಕಲ್ಲು. ನೀರು ಸೇರಿ ಮೆತ್ತಗಾಗಿದ್ದರಿಂದಲೇ ಶಿಲಾಬಾಲಿಕೆಯ ಬಳೆ, ಬೈತಲೆ, ಬೆರಳಿನ ಉಗುರು ಕೂಡ ಅದರಲ್ಲಿ ಮೂಡಿದವು. ಅಟ್ಲಾಂಟಿಸ್ ಮಾಸಿಫ್‌ನ ಸ್ತರಭಂಗದ ಮೇಲೂ ಬಳಪದ ಜಾತಿಯ ಟಾಲ್ಕ್ ಸಿಗುತ್ತದೆ. ಮೆತ್ತಗಿನ ಆ ಕಲ್ಲಿನ ಮೇಲೆ ತೊಗಟೆ ಸುಲಭವಾಗಿ ಜಾರುತ್ತದೆ.

ನೀರಿನ ಜೊತೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಇನ್ನೊಂದು ಕಥೆ. ಓಮನ್‌ನ ಬೆಟ್ಟಗಳಲ್ಲಿ ನೀಲಿ ಊಟೆಗಳಿವೆ, ನೀರಿನ ಪಿಎಚ್ 11ಕ್ಕೂ ಮೇಲೆ. ಆ ನೀರು ಗಾಳಿಗೆ ತೆರೆದುಕೊಂಡ ಕೂಡಲೇ ಗಾಳಿಯ ಇಂಗಾಲವನ್ನು ಹಿಡಿದು ಮೇಲೆ ಸುಣ್ಣದ ಕೆನೆ ಕಟ್ಟುತ್ತದೆ. ಬಂಡೆಯ ಬಿರುಕುಗಳಲ್ಲಿ ಬಿಳಿಯ ಕಾರ್ಬೊನೇಟ್ ಎಳೆಗಳು ತುಂಬಿವೆ. ಕೆಲವು ಕಡೆ ಇಡೀ ಪೆರಿಡೊಟೈಟ್ ಕಾರ್ಬೊನೇಟ್ ಮತ್ತು ಸಿಲಿಕವಾಗಿ ಬದಲಾಗಿದೆ, ಅದಕ್ಕೆ ಲಿಸ್ಟ್‌ವೆನೈಟ್ ಎನ್ನುತ್ತಾರೆ. ಓಮನ್ ಯೋಜನೆಯ ಒಂದು ಬಾವಿ ಸುಮಾರು 200 ಮೀಟರ್ ದಪ್ಪದ ಲಿಸ್ಟ್‌ವೆನೈಟನ್ನು ದಾಟಿತು. ಮೈಸೂರಿನ ಬಳಿಯ ದೊಡ್ಡಕಾನ್ಯದಲ್ಲಿ ತೆಗೆಯುತ್ತಿದ್ದ ಬಿಳಿ ಮ್ಯಾಗ್ನಸೈಟ್ ನೆನಪಿದೆಯೇ? ಅದರ ಹುಟ್ಟೂ ಇಂತಹದೇ. ಡ್ಯೂನೈಟ್ ಕಲ್ಲಿನ ಮೆಗ್ನೀಸಿಯಂಗೆ ಇಂಗಾಲ ಸೇರಿ ಆದದ್ದು.

ಹಾಗಾದರೆ ಚಿಮಣಿಗಳ ಹೊಗೆಯನ್ನೆಲ್ಲ ಇಂತಹ ಕಲ್ಲಿಗೆ ಉಣಿಸಿಬಿಡೋಣ ಎಂಬ ಯೋಚನೆ ಸಹಜ. ಓಮನ್‌ನ 44.01 ಎಂಬ ಕಂಪನಿ ಇಂಗಾಲದ ಡೈಆಕ್ಸೈಡ್ ಬೆರೆತ ನೀರನ್ನು ಪೆರಿಡೊಟೈಟ್ ಬಂಡೆಗೆ ಒತ್ತಿ ಕಲ್ಲಾಗಿಸುವ ಪ್ರಯೋಗ ಮಾಡುತ್ತಿದೆ. ಕಂಪನಿಯ ಹೆಸರು ಆ ಅನಿಲದ ಅಣುತೂಕ. ನನಗೆ ಇದರಲ್ಲಿ ಆಸೆ ಇದೆ, ಆದರೆ ಅವಸರದ ಭರವಸೆ ಇಲ್ಲ. ಕಲ್ಲು ಉಬ್ಬಿ ಬಿರುಕುಗಳನ್ನು ಮುಚ್ಚಿಬಿಟ್ಟರೆ ನೀರು ಮುಂದೆ ಹೋಗುವುದಿಲ್ಲ. ಹೊಸ ಬಿರುಕು ಬಿಟ್ಟರೆ ಕೆಲಸ ಮುಂದುವರಿಯುತ್ತದೆ. ಪ್ರಕೃತಿಯಲ್ಲಿ ಇಡೀ ಬಂಡೆ ಕಾರ್ಬೊನೇಟ್ ಆದದ್ದನ್ನು ಲಿಸ್ಟ್‌ವೆನೈಟ್ ತೋರಿಸುತ್ತದೆ. ಅದು ಎಷ್ಟು ಬೇಗ ಆಗಬಲ್ಲದು, ಯಾವ ಉಷ್ಣತೆಯಲ್ಲಿ ಎಂಬುದನ್ನು ಓದಬೇಕಾದರೆ ಮತ್ತೆ ಕೋರ್‌ಗೇ ಬರಬೇಕು, ಎಳೆಯ ಮೇಲೆ ಎಳೆ ಯಾವ ಕ್ರಮದಲ್ಲಿ ಬಂತು ಎಂದು ನೋಡಬೇಕು.

ಈಗ ಹಡಗಿನ ಮಾತು. ಜಾಯ್ಡಸ್ ರೆಸಲ್ಯೂಷನ್ 1978ರಲ್ಲಿ ತೈಲ ಹುಡುಕಲು ಕಟ್ಟಿದ ಹಡಗು, 1985ರಿಂದ ವಿಜ್ಞಾನಕ್ಕೆ ದುಡಿಯಿತು. ನಮಗೂ ಅದು ಅಪರಿಚಿತವಲ್ಲ. 2015ರಲ್ಲಿ ಅರಬ್ಬೀ ಸಮುದ್ರದ ಲಕ್ಷ್ಮೀ ಕೊಳ್ಳದಲ್ಲಿ ಕೊರೆಯಲು ಅದು ಕೊಲಂಬೊದಿಂದ ಹೊರಟು ಮುಂಬೈ ಬಂದರಿನಲ್ಲಿ ಯಾತ್ರೆ ಮುಗಿಸಿತು. ಆ ಯಾತ್ರೆಯ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು ಧನಂಜಯ ಪಾಂಡೆ, ಇಲ್ಲೇ ನಮ್ಮ ಸಡಾ ಗುಡ್ಡದ ಮೇಲಿರುವ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು. ಹಿಮಾಲಯ ಸವೆದು ಸಿಂಧೂ ನದಿ ತಂದು ಹಾಕಿದ ಕೆಸರನ್ನು ಓದಲು ಹೋದವರಿಗೆ ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಪಶ್ಚಿಮ ಕರಾವಳಿಯಿಂದ ಕುಸಿದು ಬಿದ್ದ ಮಹಾ ಭೂಕುಸಿತವೊಂದರ ರಾಶಿ ಸಿಕ್ಕಿತು. ಅದಕ್ಕೆ ನಟರಾಜ ಎಂದು ಹೆಸರು. ಅದರಡಿ ಬಹಳ ಕೆಳಗೆ ಒಂದು ಬಾವಿಯಲ್ಲಿ ಬಸಾಲ್ಟ್ ಮುಟ್ಟಿದರು.

ಆ ಹಡಗು 2024ರಲ್ಲಿ ನಿವೃತ್ತವಾಯಿತು. ಅಮೆರಿಕ ಹಣ ಮುಂದುವರಿಸಲಿಲ್ಲ. ಮ್ಯಾಂಟಲಿನಲ್ಲಿ ದಾಖಲೆ ಮಾಡಿದ ಮರುವರ್ಷವೇ ಹೀಗಾಯಿತು ಎಂಬುದು ನನಗೆ ನೋವಿನ ಸಂಗತಿ. ಜಪಾನಿನ ಚಿಕ್ಯು ಇದೆ. 2024ರ ನವೆಂಬರ್‌ನಲ್ಲಿ ಚೀನಾ ಮೆಂಗ್‌ಶಿಯಾಂಗ್ ಎಂಬ ಹಡಗನ್ನು ಸೇವೆಗೆ ಇಳಿಸಿತು. ಸಮುದ್ರ ಮಟ್ಟದಿಂದ 11 ಕಿಲೋಮೀಟರ್ ಆಳದವರೆಗೆ ಕೊರೆಯಲೆಂದೇ ಅದನ್ನು ಕಟ್ಟಿದ್ದಾರೆ. ಮೋಹೋಲಿನ ಹಳೆಯ ಗುರಿಯನ್ನು ಅವರು ಕೈಗೆತ್ತಿಕೊಳ್ಳುವ ಸಾಧ್ಯತೆ ಇದೆ.

ಭಾರತಕ್ಕೆ ಸ್ವಂತ ಹಡಗು ಬೇಕೇ ಎಂದು ಮುಂದಿನ ಸಾಲಿನಲ್ಲಿ ಕುಳಿತವರು ಕೇಳಿದರು. ಬೇಕು ಎಂದೇ ನನ್ನ ಅಭಿಪ್ರಾಯ, ಅಥವಾ ಇನ್ನೊಬ್ಬರ ಹಡಗಿನಲ್ಲಿ ಗಟ್ಟಿಯಾದ ಪಾಲು ಬೇಕು. ಕಾರ್ಲ್ಸ್‌ಬರ್ಗ್ ಏಣು ನಮ್ಮ ಅರಬ್ಬೀ ಸಮುದ್ರದ ಅಂಚಿನಲ್ಲಿದೆ, ನಿಧಾನದ ಏಣು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಅದನ್ನು ಅಳೆದು ನಕ್ಷೆ ಮಾಡಿದ್ದಾರೆ. ಅದರ ಹೊಟ್ಟೆಯ ಕಲ್ಲನ್ನು ಕ್ರಮವಾಗಿ ತೆಗೆದು ನೋಡುವುದು ಮುಂದಿನ ಹೆಜ್ಜೆ, ಅದಕ್ಕೆ ಸಮೀಕ್ಷೆಯ ಹಡಗು ಸಾಲದು. ಕೊಯ್ನಾದಲ್ಲಿ ನೆಲದ ಮೇಲೆ ಮೂರು ಕಿಲೋಮೀಟರ್ ಕೊರೆದು, ಬಾವಿಯೊಳಗೆ ಉಪಕರಣ ಇಳಿಸಿ, ಅಳೆದು ಕಲಿತವರು ನಮ್ಮಲ್ಲಿದ್ದಾರೆ. ಅನುಭವದ ಕೊರತೆ ಎಂಬ ನೆಪ ಇನ್ನು ನಡೆಯದು.

ಹಿಂದಿನ ಸಾಲಿನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇನ್ನೂ ನೇರವಾಗಿತ್ತು: ಹಡಗು ಬರುವವರೆಗೆ ನಾವು ಏನು ಮಾಡುವುದು? ಅವಳಿಗೂ ಅವಳ ಜೊತೆಯವರಿಗೂ ಹೇಳುತ್ತೇನೆ. ತೆಗೆದ ಕೋರ್‌ಗಳನ್ನು ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಒಂದು ಅರ್ಧವನ್ನು ಮುಟ್ಟದೆ ಇಡುತ್ತಾರೆ, ಇನ್ನೊಂದು ಅರ್ಧವನ್ನು ಸಂಶೋಧಕರಿಗೆ ಕೊಡುತ್ತಾರೆ. ಅಟ್ಲಾಂಟಿಕ್‌ನ ಕೋರ್‌ಗಳು ಜರ್ಮನಿಯ ಬ್ರೆಮೆನ್‌ನಲ್ಲಿವೆ. ಹಿಂದೂ ಮಹಾಸಾಗರದವು, ನಮ್ಮ ಅರಬ್ಬೀ ಸಮುದ್ರದ್ದೂ ಸೇರಿ, ಜಪಾನಿನ ಕೋಚಿ ನಗರದ ಭಂಡಾರದಲ್ಲಿವೆ. ಯಾತ್ರೆಯಲ್ಲಿದ್ದವರಿಗೆ ಮೊದಲ ಒಂದು ವರ್ಷ ಮೀಸಲು. ಆಮೇಲೆ ಯಾವ ದೇಶದ ಸಂಶೋಧಕರಾದರೂ ಅರ್ಜಿ ಹಾಕಬಹುದು. ನಿಮ್ಮ ಮಾರ್ಗದರ್ಶಕರ ಜೊತೆ ಕುಳಿತು ಬರೆಯಿರಿ: ಯಾವ ಬಾವಿ, ಎಷ್ಟನೆಯ ಮೀಟರ್, ಎಷ್ಟು ಘನ ಸೆಂಟಿಮೀಟರ್ ಕಲ್ಲು ಬೇಕು, ಅದರಲ್ಲಿ ಏನನ್ನು ಅಳೆಯುತ್ತೀರಿ, ಆ ಅಳತೆಯಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅರ್ಜಿಯಲ್ಲಿ ಅವರು ಕೇಳುವುದು ಇಷ್ಟನ್ನೇ.